ಪಕ್ಕದ ಸೀಟು ಖಾಲಿ ಎಂದು ಬರೆದ ಬಗ್ಗೆ

ನಾನು ಅಂಬ್ರಪ್ಪ ತಂದೆ ಅಮಾತೆಪ್ಪ, ವಯಸ್ಸು 24 ವರ್ಷ, ಉದ್ಯೋಗ: ಕಾಲುವೆ ರಸ್ತೆಯ ಚೈನು ಗೇಟಿನಲ್ಲಿ ದಿನಗೂಲಿ ಕಾವಲುಗಾರ, ಸಾಕಿನ್: ಕಾಲುವೆ ಕ್ಯಾಂಪ್, ಸುರಪುರ ರಸ್ತೆ, ತಾಲೂಕು ಶಹಾಪುರ. ಇಂದು ದಿನಾಂಕ 14-07-2003, ಸೋಮವಾರ, ಬೆಳಿಗ್ಗೆ ಇದೇ ಠಾಣೆಯಲ್ಲಿ ಒಂದು ಸುಳ್ಳು ಹೇಳಿ ಹೊರಗೆ ಹೋಗಿ, ಮಧ್ಯಾಹ್ನ 12-50ಕ್ಕೆ ಯಾರೂ ಕರೆಯದೆ ನಾನಾಗಿಯೇ ಪುನಃ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಕ್ಯಾಂಪಿನ ಎಡಕ್ಕೆ ಕಾಲುವೆ, ಬಲಕ್ಕೆ ಗುಡ್ಡ. ಗಾಡಿ ಹೊರಬೀಳಲು ನನ್ನ ಚೈನು ಗೇಟು ಬಿಟ್ಟರೆ ಬೇರೆ ದಾರಿ ಇರುವುದಿಲ್ಲ. ಗೇಟಿನಿಂದ ಡಾಂಬರು ರಸ್ತೆಗೆ 3 ಕಿ.ಮೀ. ಚೈನು ಎತ್ತಿದಾಗಲೆಲ್ಲ ದಿನಾಂಕ, ಸಮಯ, ಗಾಡಿ, ಚಾಲಕ, ಜೊತೆಗಿದ್ದವರು, ಹೋಗುವ ಊರು, ದೂರ ಇಷ್ಟನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. 1989ರ ಜನವರಿಯಿಂದ 2001ರ ಕೊನೆಯವರೆಗೆ ನಮ್ಮ ತಂದೆ ಬರೆದಿದ್ದು, ಅವು ಆರು ಪುಸ್ತಕಗಳಾಗಿವೆ. ಅವರ ಕಣ್ಣು ಮಂದವಾದ ಮೇಲೆ 01-01-2002ರಿಂದ ನಾನು ಬರೆಯುತ್ತಿದ್ದೇನೆ. ಅದು ಏಳನೇ ಪುಸ್ತಕ.

ಕ್ಯಾಂಪಿನಲ್ಲಿ ಹಸಿರು ಬಣ್ಣದ, ಎರಡೇ ಸೀಟಿನ, ಮೇಲೆ ಕ್ಯಾನ್ವಾಸ್ ಹೊದಿಕೆಯ ಒಂದು ವಿಲಾಯತಿ ರೇಸಿನ ಕಾರು ಇರುತ್ತದೆ. 1962ರ ತಯಾರಿಕೆ. ಕಾಲುವೆ ತೋಡಿಸಿದ ಗುತ್ತೇದಾರರು ಕೆಲಸ ಮುಗಿಸಿ ಹೋಗುವಾಗ ಅದನ್ನು ತಮ್ಮ ಡ್ರೈವರ್ ಅಯ್ಯಪ್ಪನಿಗೆ ಕಾಗದ ಸಮೇತ ಕೊಟ್ಟು ಹೋದರು. ಅಯ್ಯಪ್ಪ ಅದನ್ನು ಪ್ರತಿ ಸೋಮವಾರ ಸಂಜೆ 5-40ಕ್ಕೆ ಹೊರಗೆ ತೆಗೆದು, ಡಾಂಬರು ರಸ್ತೆಯ ಅಂಚಿನವರೆಗೆ ಹೋಗಿ, ಡಾಂಬರು ಮುಟ್ಟದೆ ತಿರುಗಿಸಿಕೊಂಡು 6-05ಕ್ಕೆ ವಾಪಸು ಬರುತ್ತಿದ್ದ. ಒಟ್ಟು 6 ಕಿ.ಮೀ. ಅಯ್ಯಪ್ಪ 2001ರಲ್ಲಿ ತೀರಿಕೊಂಡ ಮೇಲೆ ಅವನ ಮಗ ಖಂಡಪ್ಪ ಅದೇ ಸಮಯಕ್ಕೆ ಅಷ್ಟೇ ದೂರ ಓಡಿಸುತ್ತಿದ್ದಾನೆ. ಖಂಡಪ್ಪ ಮೆಕ್ಯಾನಿಕ್. ನನ್ನ ವಯಸ್ಸಿನವನು. ನನಗಿಂತ ನಾಲ್ಕು ಬೆರಳು ಎತ್ತರ.

2002ರ ಜೂನ್‌ನಲ್ಲಿ ದೇವಕಮ್ಮ ಎಂಬವರು ಕ್ಯಾಂಪಿನ ಶಾಲೆಗೆ ಟೀಚರ್ ಆಗಿ ಬಂದರು. ಶಹಾಪುರದಿಂದ ಬಸ್ಸಿನಲ್ಲಿ ಬಂದು, ಅಡ್ಡರಸ್ತೆಯಿಂದ ನಡೆದು, 9-20ಕ್ಕೆ ಗೇಟು ದಾಟುತ್ತಾರೆ. ನಡೆಯುವವರನ್ನು ಬರೆಯುವ ನಿಯಮ ಇರುವುದಿಲ್ಲ. ನಾನು ಬರೆದೆ: "ಸಮಯ 9-20. ಗಾಡಿ: ಇಲ್ಲ. ದೇವಕಮ್ಮ ಟೀಚರ್. ಛತ್ರಿ ಒಂದು. ತಪಾಸಣೆ ಮಾಡಿ ಬಿಡಲಾಗಿದೆ." ಅವರು ಅದನ್ನು ಓದಿ, "ಏ ಅಂಬ್ರಪ್ಪ, ನಾ ಏನ್ ಲಾರಿ ಏನೋ?" ಎಂದು ಕೇಳಿ ನಕ್ಕರು. ಮರುದಿನದಿಂದ ಗೇಟಿಗೆ ಬಂದ ಕೂಡಲೇ ರಿಜಿಸ್ಟರು ತಿರುಗಿಸಿ ಹಿಂದಿನ ದಿನದ್ದನ್ನು ಓದುವುದು ಅವರಿಗೆ ರೂಢಿಯಾಯಿತು. ಅವರು ನಗಲಿ ಎಂದು ನಾನು ದಿನಾಲೂ ಅವರ ಹೆಸರಿನ ಜೊತೆಗೆ ಕೋಣ, ಕತ್ತೆ, ಗಾಳಿಗೆ ಹಾರಿಬಂದ ಟವೆಲ್ ಇವುಗಳನ್ನೂ ಸಮಯ ಸಮೇತ ನಮೂದಿಸಿದೆ. ಅವೆಲ್ಲ ನಿಜವಾಗಿಯೂ ಗೇಟು ದಾಟಿದವು. ಅದಕ್ಕೂ ಮೊದಲು, 01-04-2002ರಂದು, ದಿಲ್ಲಿ ಸುಲ್ತಾನರು ಪರಿವಾರ ಸಮೇತ ಹಾದುಹೋದರೆಂದು ಬರೆದದ್ದು ಮಾತ್ರ ಸುಳ್ಳು. ಹಿಂದಿನ ಪುಟ ತಿರುವಿ ಅದನ್ನೂ ಅವರು ಓದಿ ನಕ್ಕಿದ್ದರು.

10-03-2003, ಸೋಮವಾರ, ಸಂಜೆ 5-40ಕ್ಕೆ ಸದರಿ ಕಾರು ಗೇಟಿಗೆ ಬಂತು. ಹೊದಿಕೆ ತೆಗೆದಿತ್ತು. ಖಂಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಪಕ್ಕದ ಸೀಟಿನಲ್ಲಿ ದೇವಕಮ್ಮ ಟೀಚರ್ ಕುಳಿತಿದ್ದರು. ಛತ್ರಿ ಮಡಿಲಲ್ಲಿತ್ತು. ಖಂಡಪ್ಪ, "ಟೀಚರಿಗಿ ಬಸ್ಸಿಗಿ ಬಿಟ್ಟು ಬರ್ತೀನೋ" ಎಂದು ತಾನಾಗಿಯೇ ಹೇಳಿದ. ನಾನು ಕೇಳಿರಲಿಲ್ಲ. ಚೈನು ಎತ್ತಿದೆ. ಕಾರು ಒಬ್ಬನನ್ನೇ ಹೊತ್ತು 6-55ಕ್ಕೆ ವಾಪಸು ಬಂತು. ಇಪ್ಪತ್ತೈದು ನಿಮಿಷದ ದಾರಿಗೆ ಎಪ್ಪತ್ತೈದು ನಿಮಿಷ ಹಿಡಿದಿತ್ತು. ರಿಜಿಸ್ಟರಿನಲ್ಲಿ "ಚಾಲಕ ಒಬ್ಬನೇ. ಪಕ್ಕದ ಸೀಟು ಖಾಲಿ" ಎಂದು ಬರೆದೆ.

ಮರುದಿನ 9-20ಕ್ಕೆ ದೇವಕಮ್ಮ ಆ ಸಾಲು ಓದಿದರು. ನಗಲಿಲ್ಲ. "ನೀರು ಕೊಡು ಅಂಬ್ರಣ್ಣ" ಎಂದರು. ಅಲ್ಲಿಯವರೆಗೆ ನಾನು ಅಂಬ್ರಪ್ಪನಾಗಿದ್ದೆ. ಆ ದಿನದಿಂದ ಅಣ್ಣನಾದೆ. ಈ ಮಾತು ಪ್ರಕರಣಕ್ಕೆ ಸಂಬಂಧ ಇಲ್ಲವೆಂದು ಬರೆದುಕೊಳ್ಳುತ್ತಿರುವ ರೈಟರ್ ಸಾಹೇಬರು ಹೇಳುತ್ತಾರೆ. ಸಂಬಂಧ ಇರುವುದಾಗಿ ನಾನು ತಿಳಿಸುತ್ತೇನೆ.

ಯಾಕೆಂದರೆ 12-03-2003ರಿಂದ ನಾನು ಸದರಿ ಕಾರಿಗೆ ಹೋಗದ ಊರುಗಳನ್ನು ಬರೆಯತೊಡಗಿದೆ. ಮಾರ್ಚ್ 12, 15, 18, 22, 27, ಏಪ್ರಿಲ್ 3 ಮತ್ತು 8, ಒಟ್ಟು ಏಳು ಸಲ. ಐದು ಸಲ ಸುರಪುರಕ್ಕೆ, ಹೋಗಿ ಬರಲು 28 ಕಿ.ಮೀ. 12 ಮತ್ತು 22ರಂದು ಕೊಡೇಕಲ್‌ಗೆ, 124 ಕಿ.ಮೀ. ಪ್ರತಿ ಸಲವೂ "ಜೊತೆಗೆ: ಅಪರಿಚಿತ ಹೆಣ್ಣುಮಗಳು" ಎಂದು ನಮೂದಿಸಿದೆ. ಎರಡು ಕಡೆ ಸೀರೆಯ ಬಣ್ಣವನ್ನೂ ಬರೆದೆ. ಅದನ್ನು ಓದಿ ದೇವಕಮ್ಮನ ಮನಸ್ಸು ಖಂಡಪ್ಪನ ಮೇಲಿಂದ ತಿರುಗಲಿ ಎಂಬುದೊಂದೇ ನನ್ನ ಉದ್ದೇಶ. ಅವರು ಏಳನ್ನೂ ಓದಿದರು. ಏನೂ ಕೇಳಲಿಲ್ಲ. ನಂತರ ಶಾಲೆಗೆ ಬೇಸಿಗೆ ರಜೆ ಬಂತು.

ಜೂನ್‌ನಲ್ಲಿ ತಿಳಿದುಬಂದದ್ದೇನೆಂದರೆ, ಇಬ್ಬರ ಮದುವೆಯ ಮಾತು ನಡೆದಿದೆ. ಸ್ವಂತ ಗ್ಯಾರೇಜು ಇಲ್ಲದವನಿಗೆ ಮಗಳನ್ನು ಕೊಡುವುದಿಲ್ಲ ಎಂದು ದೇವಕಮ್ಮನ ತಾಯಿ ಹೇಳಿದ್ದಾರೆ. ಖಂಡಪ್ಪ ಕಾರು ಮಾರಿ ಶಹಾಪುರದಲ್ಲಿ ಗ್ಯಾರೇಜು ಹಾಕುತ್ತಾನೆ. ಕಾರು ಮಾರಿದರೆ ಮದುವೆ, ಇಲ್ಲದಿದ್ದರೆ ಇಲ್ಲ. ಇದನ್ನು ನನಗೆ ದೇವಕಮ್ಮನೇ ಗೇಟಿನಲ್ಲಿ, ನಾನು ಕೊಟ್ಟ ನೀರು ಕುಡಿಯುತ್ತ, ಸಂತೋಷದಿಂದ ಹೇಳಿದರು.

06-07-2003, ರವಿವಾರ, ಬೆಳಿಗ್ಗೆ 10-15ಕ್ಕೆ ಹಳೆ ಕಾರುಗಳಿಗೆ ಬೆಲೆ ಕಟ್ಟುವ ಮನ್ಸೂರಅಲಿ ಎಂಬವರು ಹೈದರಾಬಾದಿನಿಂದ ಬಂದರು. ನಾನೂ ನೋಡಲು ಹೋದೆ. ಅವರು ಮೊದಲು ಕಾರಿನ ಹೊಳಪು ನೋಡಲಿಲ್ಲ. ನೆಲಕ್ಕೆ ಕುಳಿತು ಕ್ಲಚ್ಚು, ಬ್ರೇಕಿನ ಪೆಡಲಿಗೆ ಹಾಕಿದ ರಬ್ಬರನ್ನು ಬೆರಳಿನಿಂದ ಸವರಿದರು. ಡ್ರೈವರ್ ಸೀಟಿನ ಅಂಚಿನ ಹೊಲಿಗೆ ನೋಡಿದರು. ಬಾಡಿಯ ಉದ್ದಕ್ಕೂ ಒಂದು ಸಣ್ಣ ಅಯಸ್ಕಾಂತ ಇಟ್ಟು, ಎಲ್ಲಿ ಅಂಟುವುದಿಲ್ಲವೋ ಅಲ್ಲಿ ಮೆತ್ತಿದ್ದಾರೆ ಎಂದು ತಿಳಿಯುತ್ತದೆ ಎಂದರು. ಎಲ್ಲ ಕಡೆಯೂ ಅಂಟಿತು. ಇದು ನನಗೆ ಬೇಸರ ತಂದಿತು. ಮೀಟರಿನಲ್ಲಿ 9,663 ಮೈಲು ಇತ್ತು. ಸರ್ವಿಸ್ ಪುಸ್ತಕದಲ್ಲಿ 1988ರ ಡಿಸೆಂಬರ್, 6,871 ಮೈಲಿನವರೆಗೆ ಸಹಿ ಮತ್ತು ಮೊಹರು ಇತ್ತು. ಆಮೇಲೆ ಹದಿನಾಲ್ಕು ವರ್ಷ ಬರೀ ಖಾಲಿ ಹಾಳೆ.

ಮನ್ಸೂರಅಲಿಯವರು, "ನೋಡಪಾ ಖಂಡಪ್ಪ, ರಬ್ಬರು ಸುಳ್ಳು ಹೇಳಂಗಿಲ್ಲ. ಆದ್ರ ರಬ್ಬರಿಗಿ ಸಹಿ ಇಲ್ಲ. ಮೀಟರು ಒಂದು ಸುತ್ತು ಪೂರಾ ತಿರುಗಿ ಬಂದದೋ ಏನೋ ಯಾರಿಗಿ ಗೊತ್ತು? ಕಾಗದ ಇದ್ರ ಐದು ಲಕ್ಷ, ಇಲ್ಲಂದ್ರ ಎರಡು" ಎಂದರು. ಖಂಡಪ್ಪ ಮುಖ ಸಣ್ಣದು ಮಾಡಿದ. ನಂತರ ನನ್ನ ಕಡೆ ತಿರುಗಿ, "ಅಂಬ್ರಪ್ಪ, ದೋಸ್ತ, ನಿಮ್ಮ ಬುಕ್ಕ ಅದಾವಲ್ಲೋ! ನಮ್ಮಪ್ಪ ಓಡಿಸ್ಯಾನ, ನಿಮ್ಮಪ್ಪ ಬರ್ದಾನ" ಎಂದ.

ನಮ್ಮ ತಂದೆ ಪ್ರತಿ ವರ್ಷದ ಮೊದಲ ಸೋಮವಾರ ಕಾರಿನ ಮೀಟರಿನ ಅಂಕಿಯನ್ನೂ ಬರೆದಿಟ್ಟಿದ್ದರು. ನಾನೂ ಅದನ್ನು ಮುಂದುವರಿಸಿದ್ದೆ. ನಾನು ಆರು ಪುಸ್ತಕ ಎತ್ತಿಕೊಂಡೆ. ಏಳನೆಯದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಗೆದ್ದಲು ತಿಂದಿದೆ ಎನ್ನಬಹುದಿತ್ತು. ಬೇಕೆಂದೇ ಅದನ್ನು ಕೊಟ್ಟೆ. ಮೇಲಿಟ್ಟು ಕೊಟ್ಟೆ. ಮನ್ಸೂರಅಲಿಯವರು ನಮ್ಮ ತಂದೆಯ ಎರಡು ವರ್ಷದ ನಮೂದುಗಳನ್ನು ಅಲ್ಲಿಯೇ ಕೂಡಿಸಿ, ಮೀಟರಿಗೆ ಹೋಲಿಸಿ, "ಎರಡೇ ಮೈಲು ಫರಕು! ಈ ಮನುಷ್ಯಾನ ಕೈ ಎಲ್ಲದ, ತೋರಿಸ್ರಿ" ಎಂದು ನಮ್ಮ ತಂದೆಯ ಕೈಯನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು. ಕಾರಿನ ಬೆಲೆ ಐದು ಲಕ್ಷ ಎಂದು ಕಾಗದಕ್ಕೆ ಸಹಿ ಹಾಕಿಕೊಟ್ಟು, ಉಳಿದದ್ದನ್ನು ಮನೆಯಲ್ಲಿ ನೋಡುವುದಾಗಿ ಹೇಳಿ ಏಳೂ ಪುಸ್ತಕ ಒಯ್ದರು.

12-07-2003, ಶನಿವಾರ, ಸಂಜೆ 4ಕ್ಕೆ ಅವರು ವಾಪಸು ಬಂದರು. ಏಳನೇ ಪುಸ್ತಕದ ಪ್ರಕಾರ ಕಾರು ಮೀಟರಿಗಿಂತ 241 ಮೈಲು ಹೆಚ್ಚು ಓಡಿದೆ, ಖಂಡಪ್ಪ ಮೀಟರಿನ ಕೇಬಲ್ ಬಿಚ್ಚಿ ಊರೂರು ತಿರುಗಿ ಕಡಿಮೆ ತೋರಿಸಿದ್ದಾನೆ, ತಮ್ಮ ಸಹಿಗೆ ಮಸಿ ಬಳಿದಿದ್ದಾನೆ ಎಂದರು. ಸುಲ್ತಾನರ ಪುಟವನ್ನೂ ತೋರಿಸಿ, "ಒಂದು ಬುಕ್ಕಿನ್ಯಾಗ ಈ ಹುಚ್ಚಾಟ ಇದ್ರ ಮುದುಕ ಬರ್ದಿದ್ದು ಹೆಂಗ ನಂಬ್ಲಿ?" ಎಂದು ಕೇಳಿದರು. ನಮ್ಮ ತಂದೆ ಗೋಡೆ ಹಿಡಿದುಕೊಂಡು ನಿಂತು ಕೇಳಿಸಿಕೊಂಡರು. ನಿನ್ನೆ ಮನ್ಸೂರಅಲಿಯವರು ಫಿರ್ಯಾದಿ ಕೊಟ್ಟಿದ್ದು, ಇಂದು ಬೆಳಿಗ್ಗೆ 10 ಗಂಟೆಯಿಂದ ಖಂಡಪ್ಪನನ್ನು ಠಾಣೆಯಲ್ಲಿ ಕೂರಿಸಲಾಗಿದೆ.

11-10ಕ್ಕೆ ಪಿ.ಎಸ್.ಐ. ಸಾಹೇಬರು ನನ್ನನ್ನು ಕೇಳಿದಾಗ, ಕಣ್ಣಿಗೆ ಕಂಡದ್ದನ್ನೇ ಬರೆದಿದ್ದೇನೆ ಎಂದು ಹೇಳಿದೆ. ಖಂಡಪ್ಪ ಬೆಂಚಿನಿಂದ ತಲೆ ಎತ್ತಿ, "ಅಂಬ್ರಪ್ಪ?" ಎಂದಷ್ಟೇ ಅಂದ. ನಾನು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಕುಳಿತೆ.

12-25ಕ್ಕೆ ದೇವಕಮ್ಮ ಶಾಲೆಗೆ ಅರ್ಧ ದಿನ ರಜೆ ಹಾಕಿ ಬಂದರು. ಛತ್ರಿ ತಂದಿರಲಿಲ್ಲ. "ಅಂಬ್ರಣ್ಣ, ಮಾರ್ಚ್ ಹನ್ನೆರಡಕ್ಕ ಖಂಡಪ್ಪ ಯಾರ ಜೋಡಿ ಕೊಡೇಕಲ್‌ಗಿ ಹೋಗಿದ್ದ?" ಎಂದು ಕೇಳಿದರು. ಅವರೇ ಮುಂದುವರಿದು, "ಅವತ್ತಿಂದ ಇಪ್ಪತ್ನಾಕರ ತನಕ ನಾಲ್ಕೂ ಟೈರು ಯಾದಗಿರಿಯ ಅಂಗಡ್ಯಾಗಿದ್ವು. ಕಾರು ಶಾಲಿ ಹಿಂದ ಇಟ್ಟಂಗಿ ಮ್ಯಾಲ ಕುಂತಿತ್ತು. ನನ್ನ ಹುಡುಗ್ರು ಅದರ ಕೆಳಗ ಗೋಲಿ ಆಡ್ಯಾರ" ಎಂದರು.

ಹಾಗಿದ್ದರೆ ಓದಿದ ದಿನವೇ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. "ಸುಲ್ತಾನ ಹ್ವಾದಂಗ ಇದೂ ಒಂದು ಅಂತ ಮನಸಿನ್ಯಾಗ ನಕ್ಕೆ. ಈಗ ನಗಿ ಬರವಲ್ದು" ಎಂದರು. ಮತ್ತೆ, "ಹೋಗ್ಲಿ, ದಿನಾ ಒಂಬತ್ತ ಇಪ್ಪತ್ತಕ್ಕ ನನ್ನ ಹೆಸರು ಬರ್ದಿಯಲ್ಲ, ಅವೂ ಸುಳ್ಳ ಏನು?" ಎಂದು ಕೇಳಿದರು.

ಆ ನಮೂದುಗಳು ಒಟ್ಟು 171. ಒಂದೂ ಸುಳ್ಳಲ್ಲ. ಮಳೆ ಬಂದ ದಿನ 9-34 ಎಂದು ಬರೆದದ್ದೂ ನಿಜ. ಈ ಪುಸ್ತಕ ಸುಳ್ಳೆಂದು ಠರಾಯಿಸಿದರೆ ಅವೂ ಸುಳ್ಳಾಗುತ್ತವೆ. ಆದ್ದರಿಂದ ಎದ್ದು ಒಳಗೆ ಬಂದೆ.

ಮೇಲೆ ಹೇಳಿದ ಏಳು ದಿನಾಂಕಗಳ ಓಡಾಟ, ಅಪರಿಚಿತ ಹೆಣ್ಣುಮಗಳು ಮತ್ತು ಸೀರೆಯ ಬಣ್ಣಗಳು ಸಂಪೂರ್ಣ ನನ್ನ ಸೃಷ್ಟಿಯಾಗಿರುತ್ತವೆ. ಅವು 388 ಕಿ.ಮೀ., ಅಂದರೆ ಮನ್ಸೂರಅಲಿಯವರು ಹೇಳುವ ಅದೇ 241 ಮೈಲು. ಕಳೆದು ನೋಡಿದರೆ ಮೀಟರು ಸರಿಯಾಗಿದೆ. ಯಾದಗಿರಿಯ ಟೈರಿನ ಅಂಗಡಿಯ ಚೀಟಿ ಖಂಡಪ್ಪನ ಮನೆಯಲ್ಲಿದೆ. ಖಂಡಪ್ಪ ಯಾವ ಮೋಸವನ್ನೂ ಮಾಡಿರುವುದಿಲ್ಲ. ಮೊದಲ ಆರು ಪುಸ್ತಕ ನಮ್ಮ ತಂದೆಯವು. ಅವುಗಳಲ್ಲಿ ಸುಲ್ತಾನರಿಲ್ಲ. ಕಾರಿಗೆ ಐದು ಲಕ್ಷ ಬರಬೇಕು ಎಂಬುದು ನನ್ನ ಹೇಳಿಕೆ. ಅದರಿಂದ ಮುಂದೆ ಏನಾಗುತ್ತದೆ ಎಂಬುದು ನನಗೆ ಗೊತ್ತಿದ್ದೇ ಹೇಳುತ್ತಿದ್ದೇನೆ.

ಇನ್ನೊಂದು ಸುಳ್ಳಿದೆ. ಅದನ್ನು ಯಾರೂ ಕೇಳಿಲ್ಲ. ಅದರಿಂದ ಮೀಟರಿಗೆ ಒಂದು ಗಜವೂ ಫರಕಾಗುವುದಿಲ್ಲ. ಆ ದಿನವೂ ಕಾರು ಓಡಿದ್ದು ಆರೇ ಕಿಲೋಮೀಟರು. ನಿಂತು ಮಾತಾಡಿದ್ದಕ್ಕೆ ಮೀಟರಿನಲ್ಲಿ ಜಾಗ ಇರುವುದಿಲ್ಲ. ಆದರೂ ಪುಸ್ತಕ ಸರಿ ಇರಬೇಕಾದ್ದರಿಂದ 10-03-2003ರ ನಮೂದನ್ನು ಇನ್ನು ಮುಂದೆ ಹೀಗೆ ಓದಿಕೊಳ್ಳತಕ್ಕದ್ದು: "ಸಂಜೆ 5-40. ಹಸಿರು ಕಾರು. ಚಾಲಕ ಖಂಡಪ್ಪ. ಪಕ್ಕದ ಸೀಟಿನಲ್ಲಿ ದೇವಕಮ್ಮ ಟೀಚರ್. ನಗುತ್ತಿದ್ದರು. ಚೈನು ಎತ್ತಿ ಬಿಡಲಾಗಿದೆ."

ಇದನ್ನು ನನಗೆ ಎರಡು ಸಲ ಓದಿ ಹೇಳಿದ್ದು, ಎರಡೂ ಸಲ ನಿಜವೇ ಇರುತ್ತದೆ.

ಸ್ಥಳ: ಶಹಾಪುರ
ದಿನಾಂಕ: 14-07-2003, ಮಧ್ಯಾಹ್ನ 2-05

(ಸಹಿ) ಅಂಬ್ರಪ್ಪ
ಚೈನು ಎತ್ತಿದವನು