ವುಡ್‌ಬಿ

ಪಾಸ್‌ಪೋರ್ಟ್ ಫೋಟೋ ಪ್ರಿಂಟಾಗಿ ಬರಲೆಂದು ಸ್ಟುಡಿಯೋದ ಬೆಂಚಿನ ಮೇಲೆ ಕಾಯುತ್ತಿದ್ದೆ. ಪಕ್ಕದಲ್ಲಿ ಗುರುತಿಲ್ಲದ ಇಬ್ಬರು, ಅಕ್ಕ-ತಂಗಿ. ತಂಗಿಯನ್ನು ಮದುವೆಯಾಗಲಿರುವವನು ಒಳಗೆ ಕೋಟು ತೊಡುತ್ತಿದ್ದ. ಜೋಡಿ ಫೋಟೋ ತೆಗೆಸುವುದಿತ್ತು.

“ಫೋಟೋದವರ ಹತ್ರಾನೂ ‘ಇವಳು ನನ್ನ ವುಡ್‌ಬಿ’ ಅಂದ್ರು ಕಣಕ್ಕ.”

“ಅದರಲ್ಲೇನು? ಮುಂದೆ ಹೆಂಡತಿ ಆಗೋಳು ಅಂತ. ಎಲ್ಲರೂ ಅನ್ನಲ್ವಾ?”

“ನಮ್ಮ ಆಫೀಸಲ್ಲಿ ಪ್ರೂಫ್ ನೋಡೋರು ನಗ್ತಾರೆ. ಇಂಗ್ಲಿಷಲ್ಲಿ ಅದೊಂದೇ ನಿಲ್ಲಲ್ವಂತೆ, ಮುಂದೆ ಏನಾದ್ರೂ ಬರಬೇಕಂತೆ. ವುಡ್‌ಬಿ ಕಳ್ಳ ಅಂದ್ರೆ, ಕದಿಯೋಕೆ ಹೋಗಿ, ಆಗದೆ ಸಿಕ್ಕಿಬಿದ್ದೋನು.”

“ನೀನೇನೇ ಕದಿಯೋಕೆ ಹೋಗಿದ್ದೆ?”

“ಏನೂ ಕದೀಲಿಲ್ಲ. ಸಿಕ್ಕಿಬಿದ್ದಿದ್ದು ಮಾತ್ರ ನಿಜ.”

“ಇಷ್ಟ ಇಲ್ದಿದ್ರೆ ಆಗ್ಲೇ ಬಾಯಿ ಬಿಡಬೇಕಿತ್ತು.”

“ಯಾರಾದ್ರೂ ಕೇಳಿದ್ರಾ?”

ಅಕ್ಕ ತಂಗಿಯ ತಲೆಯ ಪಿನ್ನು ತೆಗೆದು, ಇದ್ದಲ್ಲಿಗೇ ಮತ್ತೆ ಚುಚ್ಚಿದಳು.

“ನಿಮ್ಮ ಭಾವನೂ ಆಗ ಕಂಡಕಂಡೋರಿಗೆಲ್ಲ ‘ನನ್ನ ವುಡ್‌ಬಿ, ನನ್ನ ವುಡ್‌ಬಿ’ ಅಂತ ನನ್ನ ತೋರಿಸ್ತಿದ್ರು.”

“ಈಗ ಏನಂತಾರೆ?”

“ಈಗಾ? ‘ಏಯ್’ ಅಂತಾರೆ.”

ಒಳಗಿನಿಂದ ಮದುಮಗನ ದನಿ ಕೇಳಿತು: “ಏಯ್, ಬಾ ಬೇಗ, ಲೈಟ್ ರೆಡಿ!”

ಇಬ್ಬರೂ ಒಟ್ಟಿಗೆ ಎದ್ದರು.