ತಟ್ಟೆಯಲ್ಲಿರುವ ಕಾಯಿ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಮಾನ್ಯ ಶಾಸಕರೇ, ವೇದಿಕೆಯ ಮೇಲಿರುವ ಇಂಜಿನಿಯರ್ ದಯಾನಂದ ಅವರೇ, ಪಂಚಾಯ್ತಿ ಸದಸ್ಯರೇ, ಬಿಸಿಲಲ್ಲಿ ಕೂತಿರುವ ಅಕ್ಕತಂಗಿಯರೇ, ಸಭಿಕರೇ,

ನಾನು ಪಂಚಾಯ್ತಿ ಅಧ್ಯಕ್ಷೆಯಾದಾಗಿನಿಂದ ನನ್ನ ಭಾಷಣಗಳನ್ನೆಲ್ಲ ನಮ್ಮ ಯಜಮಾನರೇ ಮಾಡಿಕೊಂಡು ಬಂದಿದ್ದಾರೆ. ಇವತ್ತು ಬೆಳಿಗ್ಗೆ ಪೂಜೆ ಸಾಮಾನು ಜೋಡಿಸುವಾಗ ಇದ್ದಕ್ಕಿದ್ದಂತೆ ಅವರ ಗಂಟಲು ಕಟ್ಟಿತು. ಹಾಗಾಗಿ ಚಿಕ್ಕಗೌರಮ್ಮನ ಭಾಷಣವನ್ನು ಚಿಕ್ಕಗೌರಮ್ಮನ ಬಾಯಿಂದಲೇ ಕೇಳುವ ಕಷ್ಟ ನಿಮಗೆ ಬಂದಿದೆ.

ಈ ನೀರಿನ ಟ್ಯಾಂಕು ಬೇಕಿತ್ತೇ? ನಮ್ಮೂರ ಮಕ್ಕಳು ನಕ್ಕರೆ ಸಾಕು, ಉತ್ತರ ಗೊತ್ತಾಗುತ್ತದೆ. ಹಳೇ ಬೋರಿನ ಫ್ಲೋರೈಡ್ ನೀರು ಕುಡಿದು ಎಲ್ಲರ ಹಲ್ಲೂ ಕಂದು. ನಡುವಯಸ್ಸಿಗೇ ಮಂಡಿ ಹಿಡಿದು ಕೂತವರು ಮನೆಮನೆಯಲ್ಲಿದ್ದಾರೆ. ಟ್ಯಾಂಕು ಬೇಡ ಅಂದವರು ಯಾರೂ ಇಲ್ಲ, ಕೂಸಿನ ದಿಣ್ಣೆಯ ಮೇಲೆ ಬೇಡ ಅಂದಿದ್ದು ಊರಿಗೆ ಊರೇ. ಆದರೆ ಎಲ್ಲ ಮನೆಗೂ ನೀರು ಹರಿಯುವಷ್ಟು ಎತ್ತರದ ಜಾಗ ಅದೊಂದೇ. ಅಲ್ಲಿಗೇ ಆಗಲಿ ಅಂತ ಅಧ್ಯಕ್ಷೆಯಾಗಿ ನಾನು ಸಹಿ ಹಾಕಿದೆ.

ಹುಳಿಯಾರಿನಿಂದ ಬಂದಿರುವ ಅತಿಥಿಗಳಿಗೆ ಹೇಳಬೇಕು. ಎದೆಹಾಲು ಬಿಡುವ ಮುಂಚೆಯೇ ತೀರಿಕೊಂಡ ಕೂಸುಗಳನ್ನು ನಾವು ಆ ದಿಣ್ಣೆಯಲ್ಲಿ ಮಣ್ಣು ಮಾಡುತ್ತಿದ್ದೆವು. ತಾಯಿ ಜೊತೆಗಿರುವುದಿಲ್ಲವಲ್ಲ, ಹಾಲಿಗಾಗಲಿ ಅಂತ ಸ್ವಂತ ತೋಟದ ಒಂದು ತೆಂಗಿನಕಾಯಿಯನ್ನು ಕೂಸಿನ ಬಾಯಿ ಹತ್ತಿರ ಇಡುವುದು ನಮ್ಮ ಪದ್ಧತಿ.

ಕಂಟ್ರಾಕ್ಟರ್ ಕಡೆಯವರು ಪಾಯ ತೆಗೆಯಲು ಬಂದ ದಿನ, ಅಲ್ಲಿ ಕೂಸನ್ನು ಮಣ್ಣು ಮಾಡಿದ್ದ ನಮ್ಮೂರ ಭೈರಮ್ಮಕ್ಕ ಸುಣ್ಣದ ಗೆರೆಯ ಮೇಲೆ ಮಲಗಿಬಿಟ್ಟಳು. "ನಿನ್ ಕೂಸೂ ಇಲ್ಲೇ ಮಲಗೈತಲ್ಲೇ ಗೌರಿ, ಎಂಗೆ ಸಯಿ ಹಾಕ್ದೆ?" ಅಂದಳು.

"ಇಷ್ಟು ವರ್ಸಕ್ಕೆ ಏನು ಉಳಿದಿರ್ತದೆ? ಬರೀ ಮಣ್ಣು ಕಣಕ್ಕ, ಏಳು" ಅಂದೆ.

ಎಬ್ಬಿಸಿ ಅಗೆದರು. ಎಲುಬು ಸಿಗಲಿಲ್ಲ. ಕಾಯಿಗಳು ಸಿಕ್ಕವು. ಮಣ್ಣಿಗಿಟ್ಟ ಕಾಯಿ ಒಂದೋ ಮೊಳೆಯುತ್ತದೆ, ಇಲ್ಲವೇ ಕೊಳೆಯುತ್ತದೆ. ತೆಂಗು ಬೆಳೆಯುವ ನಿಮಗೆ ಇದನ್ನು ನಾನು ಹೇಳಿಕೊಡಬೇಕೇ? ಅವು ಮೊಳೆತಿರಲಿಲ್ಲ, ಕೊಳೆತಿರಲಿಲ್ಲ. ಅಟ್ಟದಲ್ಲಿ ವರ್ಷ ಕಳೆದ ಕಾಯಿಯ ಹಾಗೆ ಒಣಗಿ ಹಗುರಾಗಿದ್ದವು. ಕೊಬ್ಬರಿ ಆಗಿದೆಯೇ ಅಂತ ಅಲ್ಲಾಡಿಸಿ ನೋಡುತ್ತೇವಲ್ಲ, ಭೈರಮ್ಮಕ್ಕ ಹಾಗೆ ಒಂದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಲೊಡಲೊಡ ಅಂದಿತು. ಅವಳು ಕೈ ನಿಲ್ಲಿಸಿದಳು. ಸದ್ದು ನಿಲ್ಲಲಿಲ್ಲ.

"ನಂದು" ಅಂದವಳೇ ಸೆರಗಿನಲ್ಲಿ ಸುತ್ತಿಕೊಂಡು ಮನೆ ಕಡೆ ನಡೆದಳು. ಆಮೇಲೆ ಒಬ್ಬೊಬ್ಬರಾಗಿ ಬಂದರು. ನಲ್ಲಿ ಹತ್ತಿರ ಬಿಂದಿಗೆಗೆ ಕಿತ್ತಾಡುವ ಹೆಂಗಸರು ನಾವು, ಅವತ್ತು ಒಬ್ಬೊಬ್ಬರೂ ತಮ್ಮ ಕಾಯಿಯನ್ನಷ್ಟೇ ಎತ್ತಿಕೊಂಡು ಹೋದರು. ಯಾರಿಗೂ ಗುರುತು ತಪ್ಪಲಿಲ್ಲ. ವಿರೋಧ ಅಲ್ಲಿಗೆ ಮುಗಿಯಿತು. ನನ್ನ ಜಾಣ್ಮೆಯಿಂದ ಮುಗಿಯಿತು ಅಂತ ಇಂಜಿನಿಯರ್ ಸಾಹೇಬರು ಈಗತಾನೆ ಹೊಗಳಿದರು. ಅದು ಅವರ ದೊಡ್ಡತನ.

ಕೊನೆಗೆ ಒಂದು ಕಾಯಿ ಉಳಿಯಿತು. ನಾನು ಅದರ ಕಡೆ ನೋಡಲಿಲ್ಲ. ಬರೀ ಮಣ್ಣು ಅಂದ ಬಾಯಿ ನನ್ನದಲ್ಲವೇ? ಅಧ್ಯಕ್ಷೆಯೂ ಒಂದನ್ನು ಅವಚಿಕೊಂಡು ಹೋದಳು ಅಂದರೆ ಮರುದಿನ ಕೆಲಸ ನಡೆಯುತ್ತಿತ್ತೇ? ಕಂಟ್ರಾಕ್ಟರ್ ಕಡೆಯವರು ಅದನ್ನು ಸಿಮೆಂಟ್ ಶೆಡ್ಡಿಗೆ ಎಸೆದರು. ಟ್ಯಾಂಕು ಏಳುವ ತನಕ ಆ ಶೆಡ್ಡಿನ ಮುಂದೆ ಹಾದುಹೋಗುವಾಗಲೆಲ್ಲ ನಾನು ಒಬ್ಬಳೇ ಇದ್ದರೂ ಜೋರಾಗಿ ಮಾತಾಡಿಕೊಂಡು ಹೋಗುತ್ತಿದ್ದೆ. ಒಳಗಿನ ಸದ್ದು ಕಿವಿಗೆ ಬೀಳದಿರಲಿ ಅಂತ.

ಇನ್ನು ಸ್ವಲ್ಪ ಹೊತ್ತಿಗೆ ಶಾಸಕರು ಕಾಯಿ ಒಡೆದು ನೀರು ಬಿಡುತ್ತಾರೆ. ನೀರು ಬರಲಿ, ಮಕ್ಕಳು ಕುಡಿಯಲಿ, ಅದಕ್ಕೇ ನಾನು ಸಹಿ ಹಾಕಿದ್ದು. ಮೈಕಿನಲ್ಲಿ ಏನೋ ಲೊಡಲೊಡ ಅನ್ನುತ್ತಿದೆ ಅಂತ ಮೈಕ್‌ಸೆಟ್ಟಿನವರು ಆಗಿನಿಂದ ವೈರು ಎಳೆದಾಡುತ್ತಿದ್ದಾರೆ. ಮೈಕು ಸರಿಯಾಗಿದೆ, ಬಿಡಿ.

ಶಾಸಕರೇ, ನಿಮ್ಮ ಮುಂದಿನ ತಟ್ಟೆಯಲ್ಲಿ ಕುಂಕುಮ ಹಚ್ಚಿಟ್ಟಿರುವ ಕಾಯಿ ಅಂಗಡಿಯದಲ್ಲ. ಶೆಡ್ಡಿನಲ್ಲಿದ್ದದ್ದನ್ನು ಯಾರೋ ತಿಳಿಯದೆ ಸುಲಿದು ಇಟ್ಟಿದ್ದಾರೆ. ನಮ್ಮ ಯಜಮಾನರಿಗೆ ಬೆಳಿಗ್ಗೆಯೇ ಗೊತ್ತಾಗಿದೆ, ನನಗೆ ಇಲ್ಲಿ ಬಂದು ಕೂತ ಮೇಲೆ. ಅದನ್ನು ಒಡೆಯಬೇಡಿ. ಅದು ನಂದು.

ನನ್ನ ಸನ್ಮಾನಕ್ಕೆ ಅಂತ ಹಾರ, ಶಾಲು ತಂದಿದ್ದೀರಿ. ಹಾರ ಬೇಡ. ಶಾಲು ಕೊಡಿ, ಕಾಯಿ ಸುತ್ತಿಕೊಂಡು ಹೋಗುವುದಕ್ಕೆ ಬೇಕು.

ಇಷ್ಟು ಹೊತ್ತು ಕೂತು ಕೇಳಿದಿರಿ, ನಿಮಗೆಲ್ಲ ಋಣಿಯಾಗಿದ್ದೇನೆ. ನಮಸ್ಕಾರ.