ಸಂಗನಬಸಪ್ಪನ ಫಸ್ಟ್ ಕ್ಲಾಸ್ ಸೋಲಾರ್

ಬಂಧುಗಳೇ, ನಿಜವನ್ನೇ ನುಡಿಯಬೇಕು ಎಂದು ಈ ಪ್ರವಚನದಲ್ಲಿ ಈಗಷ್ಟೇ ಹೇಳಿದೆ. ನೀವೆಲ್ಲ ತಲೆಯಾಡಿಸಿದಿರಿ. ತಲೆಯಾಡಿಸುವುದು ಬಹಳ ಸುಲಭ, ನೋಡಿ. ಅಲ್ಲಿ ಮೂಲೆಯಲ್ಲಿರುವ ಟೇಬಲ್ ಫ್ಯಾನೂ ಆಗಿನಿಂದ ಅದನ್ನೇ ಮಾಡುತ್ತಿದೆ. ನಗಬೇಡಿ. ಕೇಳಿ.

ನಮ್ಮ ನಿಮ್ಮ ಊರಿನಂಥದೇ ಒಂದು ಊರು. ಅಲ್ಲಿ ಸಂಗನಬಸಪ್ಪ ಎಂಬ ಅನುಕೂಲಸ್ಥನೊಬ್ಬ. ಪೇಟೆಯಲ್ಲಿ ಅವನದು ಸ್ಟೀಲ್ ಪಾತ್ರೆಯ ದೊಡ್ಡ ಅಂಗಡಿ. ಕೆಟ್ಟವನಲ್ಲ, ಒಳ್ಳೆಯ ಮನುಷ್ಯ. ದಾಸೋಹಕ್ಕೆ ಕೊಪ್ಪರಿಗೆ ಬೇಕು ಎಂದರೆ ಮಾತು ಮುಗಿಯುವ ಮೊದಲೇ ಕಳಿಸಿಬಿಡುತ್ತಿದ್ದ. ಆದರೆ ಒಂದು ಹೆಮ್ಮೆ ಅವನಿಗಿತ್ತು. ತನಗೆ ಯಾರೂ ಮೋಸ ಮಾಡಲಾರರು ಎಂಬ ಹೆಮ್ಮೆ. ಓಣಿಯವರೂ ಅದನ್ನು ಒಪ್ಪಿಕೊಂಡಿದ್ದರು. ಯಾರ ಮನೆಗೆ ಮಿಕ್ಸರ್ ಬರಬೇಕಾದರೂ, ಮಂಚ ಬರಬೇಕಾದರೂ, ಮೊದಲು ಅವನನ್ನೇ ಕೇಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ಈ ಸಂಗನಬಸಪ್ಪ ಮನೆಗೆ ಸೋಲಾರ್ ಹಾಕಿಸಲು ಹೊರಟ. ಗುತ್ತಿಗೆದಾರನೊಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಜೇನಿನಂಥ ಮಾತು. "ಸಾಹುಕಾರ್ರ, ಊರಿಗೆಲ್ಲ ಕರೆಂಟ್ ಹೋಗಲಿ, ನಿಮ್ಮ ಮನಿ ಒಂದ ಝಗಝಗ ಅಂತಿರತೈತಿ" ಅಂದ. ನೋಡಿ, 'ನಿಮ್ಮ ಮನೆಯಲ್ಲೂ ಬೆಳಕಿರುತ್ತದೆ' ಅನ್ನಲಿಲ್ಲ. 'ನಿಮ್ಮ ಮನೆ ಒಂದೇ' ಅಂದ! ಸಂಗನಬಸಪ್ಪ ಅಲ್ಲೇ ಒಪ್ಪಿಕೊಂಡ.

ಕೆಲಸದವರು ಬೆಳಗ್ಗೆ ಬಂದರು, ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಹೊರಟರು. ಹೆಂಡತಿ ಶರಣವ್ವ ಹುಬ್ಬೇರಿಸಿದಳು. "ಇಷ್ಟ ಲಗೂನ ಮುಗೀತೇನ್ರಿ? ಇಡೀ ಮಾಳಿಗಿ ಕೆಲಸ?"

"ಗೊತ್ತಿದ್ದವರ ಕೆಲಸಾನ ಹಂಗ ಇರತೈತಿ" ಅಂದ ಸಂಗನಬಸಪ್ಪ. ಅಂದೇ ಸಂಜೆ ಓಣಿಯವರನ್ನೆಲ್ಲ ಕರೆದು ಪೇಢೆ ಹಂಚಿದ.

ಮೊದಲ ಮಳೆ ಬಂತು. ದೇವರ ಮನೆಯ ಸೂರು ತೊಟ್ಟಿಕ್ಕತೊಡಗಿತು. ಸೋಲಾರ್ ಫಲಕ ನಿಲ್ಲಿಸಲು ಮಾಳಿಗೆಯನ್ನು ಕೊರೆದವರು ಆ ತೂತುಗಳನ್ನು ಮುಚ್ಚಿಯೇ ಇರಲಿಲ್ಲ. ಗಾಳಿ ಬೀಸಿತು. ಒಂದು ಫಲಕ ದಡದಡ ಅಲುಗತೊಡಗಿತು. ಶರಣವ್ವ ಮೇಲೆ ಹತ್ತಿ, ತನ್ನ ಹಳೆಯ ಇಳಕಲ್ ಸೀರೆಯಿಂದ ಅದನ್ನು ಕಂಬಿಗೆ ಬಿಗಿದು ಬಂದಳು. ಇನ್ನು ಕರೆಂಟ್? ಫಲಕಗಳನ್ನು ನಿಲ್ಲಿಸಿದ್ದು ನೀರಿನ ಟಾಕಿಯ ಮಗ್ಗುಲಿಗೆ. ಅರ್ಧ ದಿನ ಅವುಗಳ ಮೇಲೆ ಟಾಕಿಯ ನೆರಳೇ. ಮನೆಯವರೆಲ್ಲ ಬಿಸಿಲಿಗೆ ಬೇಯುತ್ತಿದ್ದರೆ ಸೋಲಾರ್ ಮಾತ್ರ ನೆರಳಿನಲ್ಲಿ ತಂಪಾಗಿ ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು! ಬ್ಯಾಟರಿ ತುಂಬುವುದೆಲ್ಲಿಂದ ಬಂತು? ಕರೆಂಟ್ ಹೋದರೆ ದೀಪ ಒಮ್ಮೆ ಮಿಣುಕಿ, ಇನ್ವರ್ಟರ್ ಕುಂಯ್ ಎಂದು ಅತ್ತು, ಮನೆಯೆಲ್ಲ ಕತ್ತಲು.

ಸಂಗನಬಸಪ್ಪ ಗುತ್ತಿಗೆದಾರನಿಗೆ ಫೋನ್ ಮಾಡಿದ. "ನಾಳೆ ಬರತೀನ್ರಿ ಸಾಹುಕಾರ್ರ." ಮತ್ತೆ ಮಾಡಿದ. ಮತ್ತೆ ಅದೇ ನಾಳೆ. ಜೋರು ಮಾಡೋಣವೆಂದರೆ ಹೆದರಿಕೆ, ಓಣಿಗೆ ಕೇಳಿಸೀತು ಎಂದು. ಹಾಗಾದರೆ ಏನು ಮಾಡಿದ? ಬಾಗಿಲು ಹಾಕಿಕೊಂಡು, ಹಿತ್ತಲಿಗೆ ಹೋಗಿ, ಪಿಸುಮಾತಿನಲ್ಲಿ ಬೈಯುತ್ತಿದ್ದ. ಪಿಸುಮಾತಿನಲ್ಲಿ ಬೈದರೆ ಯಾರಾದರೂ ಹೆದರುತ್ತಾರೆಯೇ?

ಇದಿಷ್ಟೇ ಆಗಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಓಣಿಯವರು ಕೇಳುತ್ತಿದ್ದರಲ್ಲ, "ಸೋಲಾರ್ ಹೆಂಗ ನಡದೈತ್ರಿ?" ಎಂದು. ಅವನ ಉತ್ತರ ಒಂದೇ. "ಏಕದಂ ಫಸ್ಟ್ ಕ್ಲಾಸ್!" ಆ ಮಾತನ್ನು ಉಳಿಸಿಕೊಳ್ಳಲು ಪೇಟೆಯಿಂದ ಎಮರ್ಜೆನ್ಸಿ ಲೈಟು ತಂದ. ಸಂಜೆ ಕರೆಂಟ್ ಹೋದ ಕೂಡಲೇ ಓಡಿಹೋಗಿ, ಬೀದಿಯ ಕಡೆಯ ಕಿಟಕಿಯ ಪರದೆಯ ಹಿಂದೆ ಅದನ್ನು ಹಚ್ಚಿಡುತ್ತಿದ್ದ. ಬೀದಿಗೆ ಬೆಳಕು. ಒಳಗೆ ಶರಣವ್ವ ಕತ್ತಲಲ್ಲಿ ತಡಕಾಡುತ್ತ ರೊಟ್ಟಿ ಬಡಿಯುತ್ತಿದ್ದಳು. "ಹೋಗೋ ಬರೋರಿಗೆಲ್ಲ ದೀಪಾ ಹಿಡೀತೀರಿ. ನನಗ ಹಂಚರ ಕಾಣಬ್ಯಾಡೇನು?" ಎಂದು ಅವಳು ನಕ್ಕರೆ ಇವನು, "ಸುಮ್ನಿರ, ಯಾರರ ಕೇಳ್ಯಾರು" ಎನ್ನುತ್ತಿದ್ದ.

ಅವನ 'ಫಸ್ಟ್ ಕ್ಲಾಸ್' ಕೇಳಿ ಎದುರು ಮನೆಯ ವಕೀಲ ಹಂಪಣ್ಣ ಅದೇ ಗುತ್ತಿಗೆದಾರನಿಂದ ಸೋಲಾರ್ ಹಾಕಿಸಿದ. ಡೇರಿಯ ಖಾಜಾಸಾಬನೂ ಹಾಕಿಸಿದ. ಆಮೇಲೊಂದು ದಿನ ಕಸ್ತೂರಿಬಾಯಿ ಬಂದಳು.

ಕಸ್ತೂರಿಬಾಯಿ ಎಂದರೆ ಓಣಿಯ ತುದಿಯಲ್ಲಿ ಹೊಲಿಗೆ ತರಗತಿ ನಡೆಸುವ ಹೆಣ್ಣುಮಗಳು. ಗಂಡ ಬಿಟ್ಟುಹೋದ, ಓದು ಅರ್ಧಕ್ಕೆ ನಿಂತ ಹೆಣ್ಣುಮಕ್ಕಳೆಲ್ಲ ಅವಳ ಬಳಿ ಕಲಿತು, ಅವಳ ಮೋಟಾರಿನ ಯಂತ್ರಗಳಲ್ಲೇ ಹೊಲಿದು, ತಮ್ಮ ಅನ್ನ ದುಡಿಯುತ್ತಿದ್ದರು. ಕರೆಂಟ್ ಹೋದರೆ ಅವರೆಲ್ಲರ ಕೆಲಸ ನಿಲ್ಲುತ್ತಿತ್ತು.

"ಅಣ್ಣಾರ, ಹುಡಿಗ್ಯಾರೆಲ್ಲ ಕೂಡಿ ರೊಕ್ಕಾ ಹೊಂದಿಸ್ಯಾರ. ಆ ಗುತ್ತಿಗೆದಾರ ನಾಳೆ ಮುಂಗಡಾ ಕೇಳ್ಯಾನ. ನಮಗ ಇದೆಲ್ಲ ತಿಳಿಯೂದಿಲ್ಲ. ನೀವು ಹೂಂ ಅಂದ್ರ ಕೊಡತೀವಿ" ಅಂದಳು.

ಸಂಗನಬಸಪ್ಪನ ನಾಲಗೆಗೆ ಅಭ್ಯಾಸವಾಗಿಬಿಟ್ಟಿತ್ತು. "ಏಕದಂ ಫಸ್ಟ್ ಕ್ಲಾಸ್" ಅಂದುಬಿಟ್ಟ. ಕಸ್ತೂರಿಬಾಯಿ ಕೈಮುಗಿದು ಎದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶರಣವ್ವ ಗಂಡನ ಮುಖವನ್ನೊಮ್ಮೆ ನೋಡಿದಳು, ಅಷ್ಟೇ. ಈ ಸಲ ಅವಳು ನಗುತ್ತಿರಲಿಲ್ಲ.

ಆಗ ಅವನಿಗೆ ಹೊಳೆಯಿತು. ಇದುವರೆಗೆ ತಾನು ಮೋಸಹೋದವನು. ಈಗ ಕಸ್ತೂರಿಬಾಯಿ ಗೇಟು ದಾಟಿದರೆ ತಾನು ಮೋಸ ಮಾಡಿದವನು. ನಡುವೆ ಇರುವುದು ಒಂದು ಗೇಟು! ಚಪ್ಪಲಿಯನ್ನೂ ಮೆಟ್ಟದೆ ಓಡಿದ.

"ತಂಗಿ, ನಿಲ್ಲ. ನಾ ಸುಳ್ಳು ಹೇಳಿದ್ನೆವಾ. ಬಾ, ಮ್ಯಾಲ ಬಾ, ತೋರಸ್ತೀನಿ."

ಮಾಳಿಗೆಗೆ ಕರೆದೊಯ್ದು ಎಲ್ಲ ತೋರಿಸಿದ. ತೂತು, ಫಲಕದ ಕಾಲುಗಳಿಗೆ ಹಿಡಿದ ತುಕ್ಕು, ಟಾಕಿಯ ನೆರಳು. ಕಸ್ತೂರಿಬಾಯಿ ಎಲ್ಲವನ್ನೂ ನೋಡಿ, ಕೊನೆಗೆ ಆ ಅಲುಗುವ ಫಲಕದ ಮುಂದೆ ನಿಂತಳು. "ಅಣ್ಣಾರ, ಇದಕ್ಕ ಸೀರಿ ಉಡಿಸಿದವರು ಯಾರ್ರಿ?" ಶರಣವ್ವ ಹಿಂದಿನಿಂದ, "ನಾನವಾ. ಕುಬಸಾ ಒಂದ ಹೊಲದು ಕೊಡು" ಅಂದಳು. ಮೂವರೂ ನಕ್ಕರು. ಸಂಗನಬಸಪ್ಪನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಎಷ್ಟೋ ದಿನದಿಂದ ಹೊತ್ತಿದ್ದ ಮೂಟೆಯನ್ನು ಕೆಳಗಿಟ್ಟವನ ನಗು ಅದು.

ಅಲ್ಲಿಂದ ನೇರವಾಗಿ ಹಂಪಣ್ಣನ ಮನೆಗೆ ಹೋದ. "ವಕೀಲರ, ನನ್ನ ಸೋಲಾರ್ ನಡ್ಯಾಂಗಿಲ್ರಿ. ಮೊದಲಿಂದನೂ ನಡದಿಲ್ಲ. ನನ್ನ ಮಾತು ಕೇಳಿ ನೀವೂ ಕೆಟ್ರೇನೋ, ತಪ್ಪಾತು."

ಹಂಪಣ್ಣ ಸುತ್ತ ನೋಡಿ, ದನಿ ತಗ್ಗಿಸಿ, "ನಂದೂ ನಡ್ಯಾಂಗಿಲ್ರಿ" ಅಂದ. "ನಿಮ್ಮ ಮನ್ಯಾಗ ಬೆಳಕ ಕಾಣತಿತ್ತಲ್ಲ? ಲಾ ಓದಿದಾವ ನಾನೊಬ್ಬನ ಮೋಸಹೋದ್ನಿ ಅಂತ ಹೆಂಗ ಹೇಳ್ಲಿ? ಒಂದು ಎಮರ್ಜೆನ್ಸಿ ಲೈಟು ತಂದೀನಿ, ಪರದೆ ಹಿಂದ ಇಡತೀನಿ."

ಇಬ್ಬರೂ ಖಾಜಾಸಾಬನ ಮನೆಗೆ ಹೋದರು. ಖಾಜಾಸಾಬ ಎಲ್ಲ ಕೇಳಿ, ಗಡ್ಡ ನೀವಿಕೊಂಡು, "ಯಾ ಅಂಗಡ್ಯಾಗ ತಂದ್ರಿ ಲೈಟು? ನಂದು ಲಗೂ ಆರತೈತ್ರಿ" ಅಂದ!

ನಗುತ್ತಿದ್ದೀರಿ. ನಗಿ, ನಗಿ. ನಾಲ್ಕು ಹೆಜ್ಜೆ ಅಂತರದ ಮನೆಗಳು. ಒಬ್ಬರ ಸುಳ್ಳು ಬೆಳಕನ್ನು ನೋಡಿ ಇನ್ನೊಬ್ಬರು ನಾಚಿಕೊಂಡು ಕತ್ತಲಲ್ಲಿ ಕೂತಿದ್ದರು.

ಮರುದಿನ ಮೂವರೂ ಕೂಡಿ ಗುತ್ತಿಗೆದಾರನ ಆಫೀಸಿಗೆ ಹೋದರು. ಪಿಸುಮಾತಿನಲ್ಲಲ್ಲ, ಎಲ್ಲರಿಗೂ ಕೇಳುವಂತೆ ಮಾತಾಡಿದರು. "ಕೋರ್ಟಿಗೆ ಹೋಗೂದೋ, ನಮ್ಮ ಮಾಳಿಗಿಗೆ ಬರೂದೋ, ನೀವ ಹೇಳ್ರಿ" ಅಂದ ಹಂಪಣ್ಣ. ಹೊಸ ಗಿರಾಕಿಗಳು ಕೂತಿದ್ದರು, ಕಿವಿ ನೆಟ್ಟಗಾದವು. ಗುತ್ತಿಗೆದಾರನ ನಾಳೆ ಅಂದೇ ಇವತ್ತಾಯಿತು. ಆಳುಗಳನ್ನು ಕರೆದುಕೊಂಡು ಬಂದ. ಫಲಕಗಳನ್ನು ಬಿಸಿಲಿಗೆ ಸರಿಸಿದರು, ತುಕ್ಕು ಹಿಡಿದ ಕಾಲುಗಳನ್ನು ತೆಗೆದು ಗಟ್ಟಿಯಾದವನ್ನು ಕೂರಿಸಿದರು, ತೂತು ಮುಚ್ಚಿದರು. ಎಲ್ಲವೂ ಸರಿಹೋಯಿತು ಎನ್ನುವಂತಿಲ್ಲ. ಖಾಜಾಸಾಬನ ಬ್ಯಾಟರಿಗೆ ಜೀವ ಬರಲಿಲ್ಲ, ದೇವರ ಮನೆಯ ಸೂರಿನ ಕಲೆ ಹೋಗಲಿಲ್ಲ. ಆದರೆ ಶರಣವ್ವನ ಅಡುಗೆಮನೆಗೆ ಬೆಳಕು ಬಂತು. ಕಸ್ತೂರಿಬಾಯಿ ವಿಚಾರಿಸಿ ಬೇರೆಯವರಿಂದ ಹಾಕಿಸಿದಳು. ಆ ಹೆಣ್ಣುಮಕ್ಕಳ ಯಂತ್ರಗಳು ಈಗ ಕರೆಂಟ್ ಹೋದರೂ ನಿಲ್ಲುವುದಿಲ್ಲ.

ಈಗ ನಿಮ್ಮ ಕಡೆಗೆ ಬರುತ್ತೇನೆ. ಮೋಸಹೋಗುವುದು ಪಾಪವಲ್ಲ. ಮೋಸಹೋದದ್ದನ್ನು ಮುಚ್ಚಿಟ್ಟು, ಅದೇ ಹೊಂಡಕ್ಕೆ ಪಕ್ಕದವನನ್ನು ನಗುನಗುತ್ತ ಕಳಿಸುತ್ತೇವಲ್ಲ, ಅದು ಪಾಪ. ಯೋಚಿಸಿ. ದುಬಾರಿ ಶಾಲೆಗೆ ಮಗುವನ್ನು ಹಾಕಿದ್ದೀರಿ, ಅಲ್ಲಿ ಪಾಠವೇ ಆಗುತ್ತಿಲ್ಲ. ಯಾರಾದರೂ ಕೇಳಿದರೆ? 'ಬಹಳ ಚೆನ್ನಾಗಿದೆ!' ಮಗಳನ್ನು ಕೊಟ್ಟ ಮನೆಯಲ್ಲಿ ಅವಳು ಸುಖವಾಗಿಲ್ಲ. ಅದೇ ಮನೆಯ ಎರಡನೆಯ ಮಗನಿಗೆ ಹೆಣ್ಣು ಕೊಡುವವರು ಬಂದು ಕೇಳಿದರೆ? 'ದೇವರಂಥ ಜನ!' ಯಾಕೆ ಹೀಗೆ? ನಮ್ಮ ಮುಖ ಸಣ್ಣದಾಗಬಾರದು, ಅದಕ್ಕೆ.

ದೊಡ್ಡ ವ್ರತವೇನೂ ಬೇಡ. ಯಾರಾದರೂ ನಂಬಿ ಕೇಳಿದಾಗ, ನಾಲಗೆ 'ಚೆನ್ನಾಗಿದೆ' ಎನ್ನುವ ಮೊದಲು ಒಂದು ಉಸಿರು ತಡೆಯಿರಿ. ಆಮೇಲೆ ಇದ್ದದ್ದನ್ನು ಇದ್ದಂತೆ ಹೇಳಿ. ಇವತ್ತೇ ಶುರುಮಾಡಿ. ಇಲ್ಲಿಂದ ಮನೆಗೆ ಹೋದ ಕೂಡಲೇ ಮನೆಯವರು ಕೇಳುತ್ತಾರೆ, 'ಪ್ರವಚನ ಹೇಗಿತ್ತು?' ಎಂದು. ಹಿಡಿಸಿದ್ದರೆ ಹಿಡಿಸಿತು ಅನ್ನಿ. ನಿದ್ದೆ ಬಂದಿದ್ದರೆ, ನಿದ್ದೆ ಬಂತು ಅನ್ನಿ. ಅದನ್ನು ನನ್ನ ಮುಂದೆಯೂ ಬಂದು ಹೇಳುವಷ್ಟು ಧೈರ್ಯ ನಿಮಗೆ ಬಂದರೆ, ಇವತ್ತಿನ ನನ್ನ ಮಾತು ಸಾರ್ಥಕ.